ಮನೆಗೊಂದು ಜನರೇಟರು: ಕೊಳ್ಳುವ ಮುನ್ನ

ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಕಲ್ಕತ್ತೆಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ‘ಲೋಡ್ ಶೆಡ್ಡಿಂಗ್’ ಎಂಬ ಶಬ್ದದ ಅರ್ಥವನ್ನು ಯಾರೂ ವಿವರಿಸಬೇಕಾದುದಿಲ್ಲ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದುದು 1902ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1899ರಲ್ಲಿ, ವಿದ್ಯುತ್ ಸರಬರಾಜನ್ನು ಕಂಡ ನಗರವಿದು. ಆದರೂ ಆ ದಶಕಗಳಲ್ಲಿ ದಿನವೂ ಹಲವು ಗಂಟೆಗಳ ಕತ್ತಲೆ ಇಲ್ಲಿನ ಗೃಹಕೃತ್ಯದ ಒಂದು ಭಾಗವೇ ಆಗಿತ್ತು. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಪುಟ್ಟ ಜನರೇಟರುಗಳು ಅಂಗಡಿಬೀದಿಗಳ ಕಾಲುದಾರಿಯಲ್ಲಿ ಸಂಜೆಯಾಯಿತೆಂದರೆ ಭೋರ್ಗರೆಯುತ್ತಿದ್ದುವು.

ಆ ನಿತ್ಯದ ಕಡಿತ ಈಗ ಇಲ್ಲ. ಆದರೆ 2020ರ ಮೇ 20ರಂದು ಬೀಸಿದ ಅಂಫಾನ್ ಚಂಡಮಾರುತವು ಹಳೆಯದನ್ನೆಲ್ಲ ಒಮ್ಮೆಗೇ ನೆನಪಿಗೆ ತಂದಿತು. ಲೇಕ್ ಮಾರ್ಕೆಟ್ಟಿಗೆ ಸಮೀಪದ ರವೀಂದ್ರ ಸರೋವರದ ಹೆಮ್ಮರಗಳೆಷ್ಟೋ ಉರುಳಿದುವು. ದಕ್ಷಿಣ ಕೊಲ್ಕತ್ತೆಯ ಅನೇಕ ಬಡಾವಣೆಗಳಿಗೆ ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ರಸ್ತೆಗಳನ್ನು ತೆರವು ಮಾಡಲು ಸೈನ್ಯವನ್ನು ಕರೆಸಬೇಕಾಯಿತು. ದೀಪವಿಲ್ಲದ ಕಷ್ಟಕ್ಕಿಂತ ಪಂಪು ನಡೆಯದೆ ಮಹಡಿಯ ತೊಟ್ಟಿ ಬರಿದಾದ ಕಷ್ಟವೇ ದೊಡ್ಡದಾಯಿತು. ಅಂಥ ದಿನಗಳಿಗಾಗಿ ಸ್ವಂತ ಜನರೇಟರೊಂದು ಇದ್ದರೆ ಹೇಗೆ ಎಂಬ ಯೋಚನೆ ಬಂದರೆ ಅದು ಸಹಜವೇ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೆವಿಎ?’ ಎಂಬುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಅದನ್ನು ಎಲ್ಲಿ ಇಡುವಿರಿ?

ಜನರೇಟರಿನಲ್ಲಿ ಉರಿದ ಇಂಧನವು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದುದರಿಂದ ಗಾಳಿಯಲ್ಲಿ ಅದರ ಪ್ರಮಾಣ ಅತ್ಯಲ್ಪವಾಗಿದ್ದರೂ ಹೊತ್ತು ಕಳೆದಂತೆಲ್ಲ ರಕ್ತದಲ್ಲಿ ಆಮ್ಲಜನಕದ ಜಾಗ ಕಿರಿದಾಗುತ್ತ ಹೋಗುತ್ತದೆ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರಿನಿಂದ ಉಂಟಾದ ಸಾವಿನ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ಓದಿದವರಿಗೆ ಇದರ ಪರಿಚಯ ಉಂಟು. ಅಲ್ಲಿ ಕೊಲ್ಲುವುದೂ ಇದೇ ಅನಿಲ. ಅಂಫಾನ್ ಬಂದ ವರ್ಷವೇ ಆಗಸ್ಟಿನಲ್ಲಿ ಅಮೆರಿಕದ ಲೂಯಿಸಿಯಾನ ಪ್ರಾಂತ್ಯವನ್ನು ಲಾರಾ ಎಂಬ ಚಂಡಮಾರುತ ಅಪ್ಪಳಿಸಿತು. ಅಲ್ಲಿ ಸತ್ತವರಲ್ಲಿ ಹಲವರು ಗಾಳಿಗೆ ಸಿಕ್ಕವರಲ್ಲ, ಜನರೇಟರಿನ ಅನಿಲಕ್ಕೆ ಸಿಕ್ಕವರು.

ಆದಕಾರಣ ಯಂತ್ರವನ್ನು ಬಯಲಿನಲ್ಲಿ, ಬಾಗಿಲು ಕಿಟಕಿಗಳಿಂದ ಕಡಮೆಯೆಂದರೆ ಇಪ್ಪತ್ತು ಅಡಿ ದೂರದಲ್ಲಿ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡತಕ್ಕದ್ದು. ಕಿಟಕಿ ತೆರೆದು ಫ್ಯಾನು ಹಾಕಿದರೆ ಸಾಕೆಂಬುದು ಅಪಾಯಕರವಾದ ನಂಬಿಕೆ. ಬಾಲ್ಕನಿ, ಮೆಟ್ಟಿಲ ಕೆಳಗಿನ ಜಾಗ, ಬಾಗಿಲು ತೆರೆದ ಗ್ಯಾರೇಜು, ಎರಡು ಕಟ್ಟಡಗಳ ನಡುವಣ ಇಕ್ಕಟ್ಟಾದ ಓಣಿ, ಇವು ಯಾವುವೂ ಬಯಲಲ್ಲ. ಓಣಿಯಲ್ಲಿಟ್ಟರೆ ನಿಮ್ಮ ಮನೆ ಉಳಿದರೂ ಮೇಲ್ಮಹಡಿಯ ನೆರೆಯವರ ಮಲಗುವ ಕೋಣೆಗೆ ಅನಿಲ ಏರಬಹುದು. ಶಬ್ದದ ಮಾತೂ ಇದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ಹಗಲಿನದು 55.

ಲೇಕ್ ಮಾರ್ಕೆಟ್ ಸುತ್ತಿನ ಹಳೆಯ ಬಹುಮಹಡಿ ಮನೆಗಳಲ್ಲಿ ಇಪ್ಪತ್ತು ಅಡಿ ಬಯಲು ಎಷ್ಟು ಮಂದಿಗೆ ಉಂಟು? ಇಲ್ಲದವರು ಜನರೇಟರಿನ ಆಸೆಯನ್ನು ಬಿಡುವುದೇ ಲೇಸೆಂದು ನನ್ನ ಖಚಿತವಾದ ಅಭಿಪ್ರಾಯ. ಅಂಥವರಿಗೆ ಇನ್ವರ್ಟರು ಇದೆ. ಹನ್ನೆರಡು ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಒಳ್ಳೆಯ ಬ್ಯಾಟರಿಯು ಮೂರು ಫ್ಯಾನು ಮತ್ತು ನಾಲ್ಕೈದು ಎಲ್‌ಇಡಿ ದೀಪಗಳನ್ನು ನಾಲ್ಕೈದು ಗಂಟೆ ನಡೆಸೀತು. ಪಂಪನ್ನು ಮಾತ್ರ ಅದರಿಂದ ಅಪೇಕ್ಷಿಸಬಾರದು. ಅದಕ್ಕೆ ಕಟ್ಟಡದವರೆಲ್ಲ ಸೇರಿ ಅಂಗಳದಲ್ಲೋ ತಾರಸಿಯಲ್ಲೋ ಯೋಗ್ಯ ಸ್ಥಳ ಗೊತ್ತುಮಾಡಿ ಒಂದೇ ಯಂತ್ರವನ್ನು ಇಡುವುದು ಮೇಲು.

ಸ್ಥಳವಿರುವವರು ಇನ್ನು ಲೆಕ್ಕಕ್ಕೆ ಬರಬಹುದು. ಸಾಮಾನ್ಯ ಫ್ಯಾನು 75 ವಾಟ್, ಎಲ್‌ಇಡಿ ದೀಪ 9 ವಾಟ್, ಫ್ರಿಜ್ಜು ನಡೆಯುತ್ತಿರುವಾಗ 150ರಿಂದ 200 ವಾಟ್. ಒಂದು ಅಶ್ವಶಕ್ತಿಯ ಪಂಪಿಗೆ 746 ವಾಟ್ ಎಂದು ಪುಸ್ತಕ ಹೇಳಿದರೂ, ಎಳೆದುಕೊಳ್ಳುವುದು ಸಾವಿರದ ಸಮೀಪ. ಮೋಟರು ಇರುವ ಯಾವ ಸಾಧನವೂ ಹೊರಡುವ ಕ್ಷಣದಲ್ಲಿ ಇದರ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಡುತ್ತದೆ. ಮಾರುವವರು ಹೇಳುವ ಕೆವಿಎ ಸಂಖ್ಯೆಯನ್ನು 0.8ರಿಂದ ಗುಣಿಸಿದರೆ ನಿಜವಾಗಿ ದೊರೆಯುವ ಕಿಲೋವಾಟ್ ಸುಮಾರಾಗಿ ತಿಳಿಯುತ್ತದೆ. ಎರಡು ಕೆವಿಎ ಯಂತ್ರಕ್ಕೆ ಫ್ಯಾನು, ದೀಪ, ಫ್ರಿಜ್ಜು ಸುಲಭ. ಒಂದು ಅಶ್ವಶಕ್ತಿಯ ಪಂಪು ಕಷ್ಟ.

ಜೋಡಿಸುವ ವಿಷಯದಲ್ಲಿ ಒಂದು ದುರಭ್ಯಾಸವನ್ನು ಹೇಳಲೇಬೇಕು. ಎರಡೂ ತುದಿಗೆ ಪ್ಲಗ್ಗು ಹಾಕಿದ ತಂತಿಯಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವವರುಂಟು. ಮನೆಯೆಲ್ಲ ಬೆಳಗುತ್ತದೆ, ನಿಜ. ಆದರೆ ಆ ವಿದ್ಯುತ್ತು ಮೀಟರನ್ನು ದಾಟಿ ಬೀದಿಗೂ ಹರಿಯುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ಹೊಕ್ಕರೆ 230 ವೋಲ್ಟು ಸಾವಿರಾರು ವೋಲ್ಟಾಗಿ ಏರುತ್ತದೆ. ತಂತಿ ನಿರ್ಜೀವವೆಂದು ತಿಳಿದು ದುರಸ್ತಿಗೆ ಕೈಯಿಟ್ಟ ಕೆಲಸಗಾರನ ಗತಿಯೇನು? ಮೂರು ದಿನದಿಂದ ನಿಮಗಾಗಿಯೇ ದುಡಿಯುತ್ತಿರುವವನು ಅವನು. ಅಲ್ಲದೆ ಸರಬರಾಜು ಮರಳಿದ ಕ್ಷಣದಲ್ಲಿ ಎರಡೂ ವಿದ್ಯುತ್ತು ಡಿಕ್ಕಿ ಹೊಡೆದು ಯಂತ್ರ ಸುಡುವುದುಂಟು.

ಸರಿಯಾದ ಉಪಾಯವೆಂದರೆ ಮೀಟರಿನ ನಂತರ ಒಂದು ಚೇಂಜ್‌ಓವರ್ ಸ್ವಿಚ್ಚು. ಅದರ ಹಿಡಿ ಒಂದೋ ಕಂಪನಿಯ ಕಡೆಗೆ, ಇಲ್ಲವೇ ಜನರೇಟರಿನ ಕಡೆಗೆ. ಎರಡೂ ಒಟ್ಟಿಗೆ ಕೂಡಲಾರವು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಸ್ವಿಚ್ಚನ್ನೇ ಕೇಳಿ ಪಡೆಯಿರಿ. ಇದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನ ಕೆಲಸ. ಯಂತ್ರಕ್ಕೆ ಅರ್ಥಿಂಗ್ ಕೊಡುವುದೂ ಅವನದೇ. ಸ್ವಿಚ್ಚು ಇಲ್ಲದವರು ದಪ್ಪನೆಯ ತಂತಿಯ ಎಕ್ಸ್‌ಟೆನ್ಷನ್ನಿನಿಂದ ಫ್ರಿಜ್ಜು, ಫ್ಯಾನುಗಳನ್ನು ನೇರವಾಗಿ ಯಂತ್ರಕ್ಕೇ ಜೋಡಿಸಬಹುದು. ಮಳೆಗಾಲದಲ್ಲಿ ನೀರು ನಿಲ್ಲುವುದು ಇಲ್ಲಿಯ ಬೀದಿಗಳ ಧರ್ಮವಾದುದರಿಂದ ಯಂತ್ರವು ಎತ್ತರದ ಕಟ್ಟೆಯ ಮೇಲಿರಲಿ; ಒದ್ದೆ ಕೈಯಿಂದ ಮುಟ್ಟಬೇಡಿ. ಬಿಸಿಯಿರುವಾಗ ಪೆಟ್ರೋಲು ಸುರಿಯಬೇಡಿ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವ ರೋಗಿಯಿದ್ದರೆ, ಜನರೇಟರನ್ನೇ ನೆಚ್ಚದೆ ಒಂದು ಸಿಲಿಂಡರನ್ನೂ ಇಟ್ಟಿರಬೇಕು. ಫ್ರಿಜ್ಜಿನ ಬಾಗಿಲನ್ನು ತೆರೆಯದೆ ಇದ್ದರೆ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಇನ್ಸುಲಿನ್ನಿಗಾಗಿ ಮಾತ್ರ ಯಂತ್ರ ಓಡಿಸಬೇಕಾದುದಿಲ್ಲ. ಬಳಕೆಯಲ್ಲಿರುವ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯೊಳಗೆ, ನೀರು ತಾಗದಂತೆ ಇಟ್ಟರೆ ಆ ಕೆಲವು ದಿನ ನಡೆಯುತ್ತದೆ.

ಜನರೇಟರು ನಡೆಯುತ್ತಿರುವಾಗ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋತಂತೆ ಆದರೆ ಅದನ್ನು ಸೆಕೆಯೆಂದೋ ಊಟದ ದೋಷವೆಂದೋ ತಳ್ಳಿಹಾಕಬಾರದು. ಹೊರಗೆ ಬಂದೊಡನೆ ಹಗುರವೆನಿಸಿದರಂತೂ ಸಂಶಯವೇ ಬೇಡ. ಮಕ್ಕಳು, ಹೃದ್ರೋಗಿಗಳು, ಗರ್ಭಿಣಿಯರಿಗೆ ಅಪಾಯ ಹೆಚ್ಚು. ತಾಯಿ ಚೇತರಿಸಿಕೊಂಡಂತೆ ಕಂಡರೂ ಗರ್ಭದ ಶಿಶುವಿಗೆ ಹಾನಿ ತಟ್ಟಿರಬಹುದು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ವಿಷಾನಿಲ ಹೊತ್ತ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕವೆಂದೇ ಎಣಿಸಿ 98, 99 ಎಂದು ತೋರಿಸುತ್ತದೆ. ಎಲ್ಲರನ್ನೂ ಬಯಲಿಗೆ ಕರೆತನ್ನಿ, ಯಂತ್ರ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ. ಬರಿಯ ಗಾಳಿಯಲ್ಲಿ ರಕ್ತದ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ ಸಾಕು. ವೈದ್ಯರಿಗೆ ಮೊದಲ ಮಾತಿನಲ್ಲಿಯೇ ‘ಮನೆಯ ಬಳಿ ಜನರೇಟರು ಓಡುತ್ತಿತ್ತು’ ಎಂದು ತಿಳಿಸಿ. ಅದನ್ನು ಕೇಳಿದರೆ ಮಾತ್ರ ಅವರು ಆ ಅನಿಲಕ್ಕೆಂದೇ ಇರುವ ರಕ್ತಪರೀಕ್ಷೆಯನ್ನು ಮಾಡಿಸುವ ಸಂಭವವಿದೆ.