ಮೆಡಿಕಲ್ ಶಾಪಿನವರಿಗೂ ಸೂಜಿ ಹಿಡಿಯುವ ಹಕ್ಕು ಬೇಕು

2013ರ ಡಿಸೆಂಬರ್. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ನಟ್ಟನಡುವಿನ ಓ'ಕಾನೆಲ್ ಬೀದಿ. ಮನೆಯವರ ಜೊತೆ ಊಟಕ್ಕೆ ಹೋಗಿದ್ದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕಡಲೆಕಾಯಿ ಬೆರೆತ ಸಾಸನ್ನು ತಿಳಿಯದೆ ತಿಂದಳು. ಕಡಲೆಕಾಯಿ ಅವಳಿಗೆ ಅಲರ್ಜಿ. ಉಸಿರು ಕಟ್ಟತೊಡಗಿತು. ತಾಯಿ ಹತ್ತಿರದ ಔಷಧಿ ಅಂಗಡಿಗೆ ಓಡಿ ಅಲರ್ಜಿಯ ಆಘಾತಕ್ಕೆ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್ನಿನ ಪೆನ್ ಕೇಳಿದರು. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಆಸ್ಪತ್ರೆಗೆ ಕರೆದೊಯ್ಯಿರಿ ಎಂಬ ಉತ್ತರ ಸಿಕ್ಕಿತು ಎಂದು ಆ ತಾಯಿ ಆಮೇಲೆ ಹೇಳಿದರು. ಹುಡುಗಿ ಬೀದಿಯಲ್ಲೇ ಕುಸಿದು ಪ್ರಾಣ ಬಿಟ್ಟಳು.

ಆ ಔಷಧಿ ಅಂಗಡಿಯಲ್ಲೇ ಸಿಗುವಂಥದ್ದು. ಅದರ ಗುಣ, ಪ್ರಮಾಣ, ಅಪಾಯ ಎಲ್ಲವನ್ನೂ ವರ್ಷಗಟ್ಟಲೆ ಓದಿದವರು ಇರುವ ಜಾಗ ಅದು. ಇಲ್ಲದೆ ಹೋದದ್ದು ಒಂದು ಕಾಗದ. ಆ ಸಾವಿನ ನಂತರ ಐರ್ಲೆಂಡಿನ ಜನ ತಮ್ಮ ಸರ್ಕಾರವನ್ನು ಬಿಡದೆ ಕೇಳಿದರು, 2015ರ ಅಕ್ಟೋಬರಿನಲ್ಲಿ ನಿಯಮ ಬದಲಾಯಿತು. ಆಗ ಆರೋಗ್ಯ ಮಂತ್ರಿಯಾಗಿದ್ದವರು ಲಿಯೋ ವರಾಡ್ಕರ್, ಮುಂಬೈ ಮೂಲದ ತಂದೆಯ ಮಗ, ಸ್ವತಃ ವೈದ್ಯ. ಕನ್ನಡಿಗರಿಗೆ ಐರ್ಲೆಂಡ್ ಇನ್ನೊಂದು ಸಾವಿನಿಂದಲೂ ನೆನಪಿರುವ ದೇಶ. 2012ರಲ್ಲಿ ಗಾಲ್ವೆಯ ಆಸ್ಪತ್ರೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆಯೊಬ್ಬರು, ಗರ್ಭಪಾತಕ್ಕೆ ಅಲ್ಲಿನ ಕಾನೂನು ಅಡ್ಡ ಬಂದು, ಸೋಂಕೇರಿ ತೀರಿಕೊಂಡಿದ್ದರು. ಆ ಕಾನೂನೂ ಮುಂದೆ ಬದಲಾಯಿತು. ಒಂದು ಜೀವ ಹೋದಾಗ ನಿಯಮದ ಪುಸ್ತಕವನ್ನು ತೆಗೆದು ಮತ್ತೆ ಓದುವ ಆ ದೇಶದ ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ.

2015ರ ನಿಯಮ ಹೇಳುವುದು ಇಷ್ಟು. ತರಬೇತಿ ಪಡೆದ ಫಾರ್ಮಸಿಸ್ಟ್, ತುರ್ತು ಹೊತ್ತಿನಲ್ಲಿ, ಚೀಟಿ ಇಲ್ಲದೆಯೇ ಐದು ಔಷಧಿಗಳನ್ನು ಕೊಡಬಹುದು: ಅಲರ್ಜಿಯ ಆಘಾತಕ್ಕೆ ಅಡ್ರಿನಲಿನ್, ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಿದವರಿಗೆ ಗ್ಲೂಕಗಾನ್, ಅಫೀಮು ಜಾತಿಯ ಮಾದಕ ದ್ರವ್ಯ ಮಿತಿ ಮೀರಿದವರಿಗೆ ನಾಲಾಕ್ಸೋನ್, ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್, ಎದೆನೋವಿಗೆ ನಾಲಿಗೆಯಡಿ ಹಾಕುವ ಗ್ಲಿಸರಿಲ್ ಟ್ರೈನೈಟ್ರೇಟ್. ಇಂಜೆಕ್ಷನ್ ಆದರೆ ತಾವೇ ಚುಚ್ಚಲೂಬಹುದು. ಇದರ ಜೊತೆಗೆ ನ್ಯುಮೋಕಾಕಲ್ ಲಸಿಕೆ ಮತ್ತು ಸರ್ಪಸುತ್ತಿನ ಲಸಿಕೆ ಹಾಕುವ ಅಧಿಕಾರವೂ ಬಂತು.

ಫ್ಲೂ ಲಸಿಕೆ ಹಾಕುವ ಅಧಿಕಾರ ಅವರಿಗೆ 2011ರಲ್ಲೇ ಸಿಕ್ಕಿತ್ತು. ನನಗೆ ಈ ಅನುಕ್ರಮ ಮುಖ್ಯವಾಗಿ ಕಾಣುತ್ತದೆ. ಲಸಿಕೆ ಹಾಕುವವರು ಯಾರೇ ಇರಲಿ, ಅಡ್ರಿನಲಿನ್ ಕೈಗೆಟುಕುವಲ್ಲಿ ಇಟ್ಟುಕೊಂಡಿರಲೇಬೇಕು. ಲಸಿಕೆಯಿಂದ ತೀವ್ರ ಅಲರ್ಜಿ ಆಗುವುದು ಹತ್ತು ಲಕ್ಷ ಡೋಸಿಗೆ ಒಂದೋ ಎರಡೋ, ಆದರೆ ಆಯಿತೆಂದರೆ ನಿಮಿಷಗಳ ಲೆಕ್ಕ. ಹಾಗಾಗಿ ಲಸಿಕೆಯ ತರಬೇತಿಯಲ್ಲೇ ಆಘಾತದ ಲಕ್ಷಣ ಗುರುತಿಸುವುದು, ಎದೆ ಒತ್ತಿ ಉಸಿರು ಕೊಡುವುದು, ತೊಡೆಗೆ ಅಡ್ರಿನಲಿನ್ ಹಾಕುವುದು ಸೇರಿದೆ. ತಾನು ಲಸಿಕೆ ಹಾಕಿದವರನ್ನು ಉಳಿಸಲು ಕಲಿತ ಕೈ, ಬಾಗಿಲಿನಿಂದ ಏದುಸಿರು ಬಿಡುತ್ತಾ ಬಂದವರನ್ನು ಉಳಿಸಬಾರದು ಎನ್ನುವುದು ಯಾವ ನ್ಯಾಯ? ಲಸಿಕೆಯ ಹಕ್ಕು ಮತ್ತು ತುರ್ತು ಇಂಜೆಕ್ಷನ್ನಿನ ಹಕ್ಕು ಬೇರೆಬೇರೆ ಬೇಡಿಕೆಗಳಲ್ಲ. ಎರಡಕ್ಕೂ ಕಲಿಕೆ ಒಂದೇ, ತುರ್ತು ಔಷಧಿಯ ಪೆಟ್ಟಿಗೆ ಒಂದೇ.

ದೇಹದೊಳಗೆ ಆಗ ಏನು ನಡೆಯುತ್ತದೆ ಎಂದು ತಿಳಿದರೆ ಈ ಅವಸರ ಅರ್ಥವಾಗುತ್ತದೆ. ಕಡಲೆಕಾಯಿಯೋ ಸಿಗಡಿಯೋ ಕಣಜದ ವಿಷವೋ ಪೆನಿಸಿಲಿನ್ನೋ ಒಳಹೊಕ್ಕ ಕೂಡಲೆ, ಒಗ್ಗದವರ ದೇಹದ ಕೆಲವು ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಸೂಸುತ್ತವೆ. ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ, ರಕ್ತದೊತ್ತಡ ಬೀಳುತ್ತದೆ, ಗಂಟಲು ಊದಿ ಶ್ವಾಸನಾಳ ಬಿಗಿಯುತ್ತದೆ. ಅಡ್ರಿನಲಿನ್ ನಾಳಗಳನ್ನು ಕುಗ್ಗಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ಅಲರ್ಜಿಗೆಂದು ಮನೆಮನೆಯಲ್ಲಿ ಇಟ್ಟುಕೊಳ್ಳುವ ಸೆಟಿರಿಜಿನ್ ಮಾತ್ರೆ ತುರಿಕೆಗೆ ಸಾಕು, ಈ ಆಘಾತಕ್ಕೆ ಸಾಲದು. ಇಂಥ ಸಾವುಗಳನ್ನು ಬ್ರಿಟನ್ನಿನಲ್ಲಿ ಅಧ್ಯಯನ ಮಾಡಿದ ರಿಚರ್ಡ್ ಪಂಫ್ರಿ 2000ದಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ತಿಂದದ್ದರಿಂದ ಆಘಾತವಾಗಿ ಸತ್ತವರಲ್ಲಿ ಅರ್ಧದಷ್ಟು ಮಂದಿಗೆ 30 ನಿಮಿಷದೊಳಗೆ ಉಸಿರು ಅಥವಾ ಹೃದಯ ನಿಂತಿತ್ತು. ಕೀಟ ಕಚ್ಚಿದವರಲ್ಲಿ 15 ನಿಮಿಷ. ಔಷಧಿಯಿಂದಲೇ ಆದವರಲ್ಲಿ 5 ನಿಮಿಷ.

ಪೆನ್ ಬಳಸುವುದು ಅಷ್ಟೇನೂ ಕಷ್ಟವಲ್ಲ. ಹೆಚ್ಚು ಬಳಕೆಯ ಮಾದರಿಯೊಂದರಲ್ಲಿ ಹಿಂದೆ ನೀಲಿ ಮುಚ್ಚಳ, ಮುಂದೆ ಕಿತ್ತಳೆ ತುದಿ. ಮುಚ್ಚಳ ಕಿತ್ತು, ಕಿತ್ತಳೆ ತುದಿಯನ್ನು ತೊಡೆಯ ಹೊರಮೈಗೆ ಬಲವಾಗಿ ಒತ್ತಬೇಕು, ಪ್ಯಾಂಟಿನ ಮೇಲಿಂದಲೇ ಆದೀತು. ಕ್ಲಿಕ್ ಎಂದ ಮೇಲೆ ಕೆಲವು ಸೆಕೆಂಡು ಹಾಗೇ ಹಿಡಿದಿಟ್ಟರೆ ಮುಗಿಯಿತು. ನಮ್ಮಲ್ಲಿ ಈ ಪೆನ್ನು ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು ಗಾಜಿನ ಆಂಪೂಲು, ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ. ಅದರ ಕತ್ತು ಮುರಿದು, ಸಿರಿಂಜಿಗೆ ಅರ್ಧ ಮಿಲಿಲೀಟರ್ ಎಳೆದರೆ ದೊಡ್ಡವರ ಡೋಸು. ಮಕ್ಕಳಿಗೆ ವಯಸ್ಸು ನೋಡಿ ಇನ್ನೂ ಕಡಿಮೆ. ಗಾಬರಿಯಾದ ತಾಯಿ ಇದನ್ನು ಮಾಡಲಾರಳು, ಮಾಡಲೂಬಾರದು. ಔಷಧಿಯ ಅಳತೆಯನ್ನೇ ವೃತ್ತಿ ಮಾಡಿಕೊಂಡವರಿಗೆ ಇದನ್ನು ಕಲಿಸುವುದು ಕಷ್ಟವಲ್ಲ.

ಐರ್ಲೆಂಡ್ ಇದರಲ್ಲಿ ಮೊದಲನೆಯದೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 1994ರಲ್ಲೇ ಫಾರ್ಮಸಿಸ್ಟರಿಗೆ ಲಸಿಕೆ ಹಾಕಲು ಕಲಿಸಿತು, 2009ರ ಹೊತ್ತಿಗೆ ಐವತ್ತೂ ರಾಜ್ಯಗಳು ಒಪ್ಪಿದ್ದವು. ಬ್ರಿಟನ್ನಿನ ಕಾನೂನು ಇನ್ನೂ ಮುಂದೆ ಹೋಗಿ, ಜೀವ ಉಳಿಸುವ ತುರ್ತಿನಲ್ಲಿ ಯಾರು ಬೇಕಾದರೂ ಅಡ್ರಿನಲಿನ್ ಚುಚ್ಚಬಹುದು ಎನ್ನುತ್ತದೆ.

ನಮ್ಮ ಕಡೆಗೆ ಬರೋಣ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ವೈದ್ಯರ ಚೀಟಿ ನೋಡಿ ಔಷಧಿ ತಯಾರಿಸುವ, ಬೆರೆಸುವ, ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಸೇರಿದ್ದು. ಕಾಯ್ದೆ ಅವರನ್ನು ಕಂಡದ್ದು ಹಾಗೆ: ಚೀಟಿಯ ಆಚೆ ಬದಿಯಲ್ಲಿ ನಿಂತು ಔಷಧಿ ಕೊಡುವವರು. ಆಮೇಲೆ ಓದು ಎಷ್ಟೋ ಬೆಳೆಯಿತು. ನಾಲ್ಕು ವರ್ಷದ ಬಿ.ಫಾರ್ಮಾ ಬಂತು, 2008ರಿಂದ ಆರು ವರ್ಷದ ಫಾರ್ಮ್.ಡಿ ಬಂತು, ಅದರಲ್ಲಿ ಒಂದು ವರ್ಷ ಪೂರ್ತಿ ಆಸ್ಪತ್ರೆಯ ವಾರ್ಡಿನಲ್ಲಿ ಇಂಟರ್ನ್‌ಶಿಪ್. ಮೈಸೂರು, ಬೆಂಗಳೂರು, ಮಂಗಳೂರಿನ ಕಾಲೇಜುಗಳಿಂದ ಹೀಗೆ ಕಲಿತ ಹುಡುಗ ಹುಡುಗಿಯರು ವರ್ಷವರ್ಷ ಹೊರಬರುತ್ತಿದ್ದಾರೆ. ಅವರ ಕೈಗೆ ಸಿಗುವ ಅಧಿಕಾರ ಮಾತ್ರ ಹೆಚ್ಚುಕಡಿಮೆ ಹಳೆಯದೇ.

ಒಮ್ಮೆ ನಮ್ಮ ಸರ್ಕಾರವೂ ಬೇರೆ ರೀತಿ ಯೋಚಿಸಿತ್ತು. 2020ರ ಡಿಸೆಂಬರಿನಲ್ಲಿ ಕೇಂದ್ರ ಹೊರಡಿಸಿದ ಕೋವಿಡ್ ಲಸಿಕೆಯ ಮಾರ್ಗಸೂಚಿ, ಲಸಿಕೆ ಹಾಕಬಲ್ಲವರ ಸಾಲಿನಲ್ಲಿ ವೈದ್ಯರು, ನರ್ಸುಗಳು, ಎಎನ್‌ಎಂಗಳ ಜೊತೆ ಫಾರ್ಮಸಿಸ್ಟರನ್ನೂ ಹೆಸರಿಸಿತ್ತು. ದೇಶಕ್ಕೆ ಕಷ್ಟ ಬಂದಾಗ ಅವರ ಕೈ ಯೋಗ್ಯವೆನಿಸಿದ್ದರೆ, ಕಷ್ಟ ಕಳೆದ ಮೇಲೆ ಆ ಯೋಗ್ಯತೆ ಎಲ್ಲಿಗೆ ಹೋಯಿತು?

ದೊಡ್ಡವರಿಗೆ ಬೇಕಾದ ಲಸಿಕೆಗಳ ಪಾಡನ್ನು ಹತ್ತಿರದಿಂದ ನೋಡಿ. ಕಳೆದ ಮಳೆಗಾಲ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಹೆಂಗಸೊಬ್ಬರು ತಮ್ಮ ಮಾವನಿಗೆಂದು ನ್ಯುಮೋನಿಯಾ ಲಸಿಕೆ ಕೊಳ್ಳುತ್ತಿದ್ದರು. ಅಂಗಡಿಯವರು ಫ್ರಿಜ್ಜಿನಿಂದ ಡಬ್ಬಿ ತೆಗೆದು, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಜೆಲ್ ಪ್ಯಾಕ್ ಇಟ್ಟು, "ಅಕ್ಕಾ, ಸೀದಾ ಡಾಕ್ಟ್ರ ಹತ್ರ ಹೋಗಿ. ದಾರೀಲಿ ಎಲ್ಲೂ ನಿಲ್ಲಬೇಡಿ, ಮನೇಲಿ ಇಟ್ಕೊಂಡು ನಾಳೆ ಹಾಕಿಸ್ತೀನಿ ಅನ್ನಬೇಡಿ" ಎಂದರು. "ಡಾಕ್ಟ್ರು ಬರೋದೇ ಆರೂವರೆಗೆ ಅಲ್ವಾ ಅಣ್ಣಾ" ಎಂದರು ಆಕೆ. ಆಗಿನ್ನೂ ಐದು ಗಂಟೆ. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಾದ ಲಸಿಕೆ, ಕಂಪನಿಯಿಂದ ಅಂಗಡಿಯವರೆಗೆ ಅಷ್ಟು ಜೋಪಾನವಾಗಿ ಬಂದದ್ದು, ಕೊನೆಯ ಎರಡು ಕಿಲೋಮೀಟರನ್ನು ಸ್ಕೂಟರಿನ ಡಿಕ್ಕಿಯಲ್ಲಿ ಕಳೆಯುತ್ತದೆ. ಅದನ್ನು ಫ್ರಿಜ್ಜಿನಿಂದ ತೆಗೆದವರೇ, ಅಲ್ಲೇ, ಹಾಕಿಬಿಟ್ಟಿದ್ದರೆ? ಎಷ್ಟೋ ಮಂದಿ ಈ ಅಲೆದಾಟಕ್ಕೆ ಬೇಸತ್ತೇ ಹಿರಿಯರ ಲಸಿಕೆಯನ್ನು ಮುಂದೂಡುತ್ತಾರೆ ಎಂಬುದು ನನ್ನ ನಂಬಿಕೆ.

ವೈದ್ಯರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಜನರಿಗೆ ಇಂಜೆಕ್ಷನ್ ಮೇಲೆ ಇರುವ ಮೋಹ ಗೊತ್ತಿದ್ದದ್ದೇ. ಜ್ವರ ಬಂದರೆ ಒಂದು ಸೂಜಿ, ಸುಸ್ತಾದರೆ ಒಂದು ಬಾಟಲಿ ಗ್ಲೂಕೋಸ್. ಅಂಗಡಿಯವರಿಗೆ ಸೂಜಿ ಕೊಟ್ಟರೆ ಆಂಟಿಬಯಾಟಿಕ್ಕಿನಿಂದ ಹಿಡಿದು ನೋವಿನ ಇಂಜೆಕ್ಷನ್ನಿನವರೆಗೆ ಎಲ್ಲವನ್ನೂ ಚುಚ್ಚುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಹುಣ್ಣು ಇನ್ನೊಂದಿದೆ. ಗೋಡೆಯ ಮೇಲೆ ತೂಗುವ ಸರ್ಟಿಫಿಕೇಟು ಒಬ್ಬರದು, ಕೌಂಟರಿನ ಹಿಂದೆ ನಿಂತವರು ಇನ್ನೊಬ್ಬರು. ಸರ್ಟಿಫಿಕೇಟನ್ನು ತಿಂಗಳ ಬಾಡಿಗೆಗೆ ಕೊಡುವ ಈ ಚಾಳಿ ಗೊತ್ತಿಲ್ಲದ ಊರಿಲ್ಲ. ಹತ್ತನೇ ಕ್ಲಾಸು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನ ಕೈಗೆ ಸಿರಿಂಜು ಹೋಗುವುದಾದರೆ ಈ ಬೇಡಿಕೆಯನ್ನು ನಾನೇ ಮೊದಲು ವಿರೋಧಿಸುತ್ತೇನೆ.

ಐರ್ಲೆಂಡಿನ ನಿಯಮ ನನಗೆ ಹಿಡಿಸಿದ್ದು ಈ ಕಾರಣಕ್ಕೇ. ಅದು ಕೊಟ್ಟಿದ್ದು ಯಾವುದೇ ಇಂಜೆಕ್ಷನ್ ಹಾಕುವ ಅಧಿಕಾರವನ್ನಲ್ಲ, ಪಟ್ಟಿಯಲ್ಲಿರುವ ಇಂತಿಂಥ ಔಷಧಿಯನ್ನು ಇಂತಿಂಥ ಸಂದರ್ಭದಲ್ಲಿ ಕೊಡುವ ಅಧಿಕಾರವನ್ನು. ಪಟ್ಟಿಯ ಹೊರಗಿನದನ್ನು ಮುಟ್ಟುವಂತಿಲ್ಲ. ಅಂಗಡಿಯಲ್ಲಿ ಗಿರಾಕಿಯೊಡನೆ ಗುಟ್ಟಾಗಿ ಮಾತನಾಡಲು ಪ್ರತ್ಯೇಕ ಜಾಗ ಇರಬೇಕು, ತರಬೇತಿಯನ್ನು ಮತ್ತೆ ಮತ್ತೆ ಹೊಸದು ಮಾಡಿಕೊಳ್ಳಬೇಕು, ಯಾರಿಗೆ ಏನು ಹಾಕಿದೆ ಎಂಬುದನ್ನು ಬರೆದಿಡಬೇಕು. ಅಧಿಕಾರ ಅಂಗಡಿಗಲ್ಲ, ತರಬೇತಿ ಪಡೆದ ಆ ವ್ಯಕ್ತಿಗೆ. ನಮ್ಮಲ್ಲಿ ಇದೇ ಷರತ್ತು ಹಾಕಿದರೆ, ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟವರು ಅಂಗಡಿಗೆ ಬಂದು ನಿಲ್ಲಲು ಮೊದಲ ಬಾರಿಗೆ ಒಂದು ಕಾರಣ ಸಿಗುತ್ತದೆ. ಮೂಲೆಯ ಕೋಣೆಯಲ್ಲಿ ಲಸಿಕೆ ಹಾಕಿ ಶುಲ್ಕ ಪಡೆಯುವ ಫಾರ್ಮಸಿಸ್ಟರಿಗೆ ಅಂಗಡಿಯಲ್ಲಿ ಇರುವುದೇ ಸಂಪಾದನೆ.

ಎಲ್ಲವನ್ನೂ ಒಮ್ಮೆಗೇ ಮಾಡಬೇಕಿಲ್ಲ. ಫಾರ್ಮ್.ಡಿ ಮುಗಿಸಿದವರಿಂದ ಶುರುಮಾಡಬಹುದು. ಪಟ್ಟಿಯಲ್ಲಿ ಮೊದಲು ಅಡ್ರಿನಲಿನ್ ಮತ್ತು ಗ್ಲೂಕಗಾನ್, ಲಸಿಕೆಗಳಲ್ಲಿ ದೊಡ್ಡವರ ಫ್ಲೂ ಮತ್ತು ನ್ಯುಮೋಕಾಕಲ್ ಇದ್ದರೆ ಸಾಕು. ಮಕ್ಕಳ ಲಸಿಕೆಯನ್ನು ಎಎನ್‌ಎಂ ಸಿಸ್ಟರುಗಳು ಅಂಗನವಾಡಿ, ಉಪಕೇಂದ್ರಗಳಲ್ಲಿ ಚೆನ್ನಾಗಿಯೇ ನಡೆಸುತ್ತಿದ್ದಾರೆ, ಅದಕ್ಕೆ ಕೈ ಹಾಕುವ ಅಗತ್ಯವಿಲ್ಲ. ಇಂಜೆಕ್ಷನ್ ಹಾಕಿದ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕಳಿಸುವುದು ಕಡ್ಡಾಯವಾಗಬೇಕು, ಏಕೆಂದರೆ ಆಘಾತ ಇಳಿದಂತೆ ಕಂಡು ಕೆಲವು ಗಂಟೆಗಳ ಮೇಲೆ ಮರಳಿ ಬರುವುದುಂಟು. ಒಳ್ಳೆಯ ಮನಸ್ಸಿನಿಂದ, ನಿಯಮದ ಪ್ರಕಾರ ಚುಚ್ಚಿದವರ ಮೇಲೆ ಕೇಸು ಬೀಳದಂತೆ ರಕ್ಷಣೆಯನ್ನೂ ಅದೇ ನಿಯಮದಲ್ಲಿ ಬರೆಯಬೇಕು. ಇಲ್ಲದಿದ್ದರೆ ಅಧಿಕಾರ ಕಾಗದದಲ್ಲಿರುತ್ತದೆ, ಆಂಪೂಲು ಡ್ರಾಯರಿನಲ್ಲಿರುತ್ತದೆ.

2015ರ ಆ ನಿಯಮಕ್ಕೆ ಇನ್ನೊಂದು ಭಾಗವಿದೆ. ಶಾಲೆ, ಕೆಲಸದ ಜಾಗಗಳಂಥ ಸಂಸ್ಥೆಗಳೂ ತಮ್ಮ ಸಿಬ್ಬಂದಿಗೆ ತರಬೇತಿ ಕೊಡಿಸಿ ಅಡ್ರಿನಲಿನ್ ಇಟ್ಟುಕೊಳ್ಳಲು ಅದು ಅವಕಾಶ ಕೊಟ್ಟಿತು. ಅದನ್ನು ಓದುವಾಗ ನನಗೆ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು. ನೆರಳಿನ ಮರಗಳ ಕೊಂಬೆ ಕಡಿಯಲು ಹತ್ತಿದವರ ಮೇಲೆ, ಹಣ್ಣು ಕೊಯ್ಯುವ ಹೆಂಗಸರ ಮೇಲೆ ಹೆಜ್ಜೇನು ಎರಗುವುದು ಅಲ್ಲಿ ಹೊಸದೇನಲ್ಲ. ತೋಟದಿಂದ ತಾಲ್ಲೂಕು ಆಸ್ಪತ್ರೆಗೆ ಜೀಪಿನಲ್ಲಿ ಮುಕ್ಕಾಲು ಗಂಟೆ ಹಿಡಿಯುವ ಕಡೆಗಳಲ್ಲೂ, ಪಂಚಾಯಿತಿ ಪೇಟೆಯ ಮೆಡಿಕಲ್ ಶಾಪು ಹತ್ತು ನಿಮಿಷದ ದಾರಿ. ಅಲ್ಲಿನ ಫಾರ್ಮಸಿಸ್ಟರಿಗೆ ಮೊದಲು ತರಬೇತಿ ಸಿಕ್ಕರೆ, ತೋಟದ ರೈಟರಿಗೆ, ಮೇಸ್ತ್ರಿಗೆ ಕಲಿಸಿಕೊಡಲೂ ಅವರೇ ಆಗುತ್ತಾರೆ.