ಅಜ್ಜಂಪುರದ ಹೋರಿ ಯಾರ ಮಾತು ಕೇಳುತ್ತದೆ?

ಬೀರೂರಿನ ಅಮೃತ್ ಮಹಲ್ ದನತಳಿಯ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುವ ದಿನ ಹಾವೇರಿ, ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ಕಡೆಯ ರೈತರು ಬಂದು ಸೇರುತ್ತಾರೆ. ಒಂದು ಜೋಡಿಗೆ ಲಕ್ಷ ದಾಟಿತು ಎಂಬುದು ಈಗ ಸುದ್ದಿಯೇ ಅಲ್ಲ. ಕೂಗು ಮುಗಿದ ಮೇಲೆ ಅಸಲಿ ಕೆಲಸ ಶುರು. ಹಗ್ಗದ ರೂಢಿಯೇ ಇಲ್ಲದ ಕರು ಕೊರಳಿಗೆ ಕುಣಿಕೆ ಬಿದ್ದ ಕೂಡಲೇ ನೆಗೆಯುತ್ತದೆ, ಬೀಳುತ್ತದೆ, ಎದ್ದು ಬುಸುಗುಡುತ್ತದೆ. ನಾಲ್ಕೈದು ಜನ ಹಗ್ಗಕ್ಕೆ ಜೋತುಬಿದ್ದರೂ ಅವರನ್ನೇ ಎಳೆದುಕೊಂಡು ಹೋಗುತ್ತದೆ. ಇದೇ ಕರು ಹಿಂದಿನ ಸಂಜೆಯವರೆಗೂ ಹೆಗಲ ಮೇಲೆ ಕೋಲು ಹೊತ್ತ ಒಬ್ಬ ದನಗಾಹಿಯ ಕೂಗಿಗೆ ಕಿವಿ ನಿಮಿರಿಸಿ, ಮಂದೆಯೊಂದಿಗೆ ಸುಮ್ಮನೆ ದೊಡ್ಡಿಗೆ ಬರುತ್ತಿತ್ತು. ಒಂದೇ ಪ್ರಾಣಿಯಲ್ಲಿ ಈ ಎರಡು ನಡತೆ ಹೇಗೆ? ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಕೇಳಿದರೆ ‘ಅದು ಆ ರಕ್ತದ ಗುಣ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರ ಅರ್ಧ ಮಾತ್ರ ನಿಜ ಎನ್ನುವುದು ಈ ಲೇಖನದ ವಾದ. ಉಳಿದರ್ಧ ಇರುವುದು ಮಂದೆ ಮೇಯುವ ಕಾವಲಿನ ಹುಲ್ಲಿನಲ್ಲಿ ಮತ್ತು ಕಾಯುವವನ ದನಿಯಲ್ಲಿ. ಅದನ್ನು ಮರೆತು ತಳಿ ಉಳಿಸಲು ಹೊರಟರೆ ಕೈಗೆ ಸಿಗುವುದು ಬೂದು ಬಣ್ಣದ, ಉದ್ದ ಕೋಡಿನ ಬೇರೊಂದು ದನ.

ಮೊದಲು ರಕ್ತದ ಪಾಲನ್ನು ರಕ್ತಕ್ಕೆ ಕೊಟ್ಟುಬಿಡೋಣ. ಅಮೃತ್ ಮಹಲ್ ರಾಸನ್ನು ದೂರದಿಂದಲೇ ಗುರುತಿಸಬಹುದು. ಉದ್ದನೆಯ, ಕಿರಿದಾದ ಮುಖ. ಹಣೆಯ ನಡುವೆ ಇಳಿದು ಬರುವ ಒಂದು ಗೀರು. ಒಂದಕ್ಕೊಂದು ಒತ್ತಿಕೊಂಡೇ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಮೊನೆಯಾಗುವ ಕೋಡುಗಳು. ವಯಸ್ಸಾದ ಕೆಲವು ರಾಸುಗಳಲ್ಲಿ ಕೋಡಿನ ತುದಿಗಳು ಒಂದನ್ನೊಂದು ಹಾಯ್ದು ಹೋಗುವುದೂ ಉಂಟು. ಮೂತಿ ಕಪ್ಪು, ಕಣ್ಣಿನಂಚು ಕೆಂಪು, ಗಂಗೆದೊಗಲು ತೆಳು, ಗೊರಸು ಸಣ್ಣದು ಮತ್ತು ಗಟ್ಟಿ. ಮೈ ಬಿಗಿ, ಎಲ್ಲೂ ಜೋಲು ತೊಗಲಿಲ್ಲ. ಹಾಲು ಕಡಿಮೆ, ಕರುವಿಗೆ ಸಾಕಾಗಿ ಮೇಲೆ ಒಂದಿಷ್ಟು ಉಳಿದರೆ ಹೆಚ್ಚು. ಹಾಲಿನ ಲೆಕ್ಕ ಹಿಡಿದು ನೋಡುವವರಿಗೆ ಇದು ದಂಡದ ದನ. ಆದರೆ ಇದನ್ನು ಬೆಳೆಸಿದವರ ಗುರಿ ಹಾಲಾಗಿರಲಿಲ್ಲ, ನಡಿಗೆಯಾಗಿತ್ತು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರಾಲಿ ಆ ಮಂದೆಗಳನ್ನು ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಹಚ್ಚಿದ. ಟಿಪ್ಪು ಇಲಾಖೆಯ ಹೆಸರನ್ನು ಅಮೃತ್ ಮಹಲ್ ಎಂದು ಬದಲಿಸಿ, ದನಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ. ಚಿದಂಬರಕ್ಕೆ ನೆರವಾಗಲು ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ್ದಕ್ಕೂ, ಟಿಪ್ಪು ಒಂದು ತಿಂಗಳೊಳಗೆ ಪೂರ್ವ ಕರಾವಳಿಯ ಕಡೆಯಿಂದ ಬಿದನೂರಿನವರೆಗೆ ಬಂದು ಅದನ್ನು ಮರಳಿ ಪಡೆದದ್ದಕ್ಕೂ ಈ ಎತ್ತುಗಳೇ ಕಾರಣವೆಂದು ಮೈಸೂರಿನ ಗೆಜೆಟಿಯರುಗಳು ಬರೆದಿವೆ. 1799ರ ನಂತರ ಮಂದೆಗಳು ಇಂಗ್ಲಿಷರ ಪಾಲಾದವು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯೂ ತನ್ನ ದಕ್ಷಿಣದ ದಂಡಯಾತ್ರೆಗಳಲ್ಲಿ ಇವುಗಳನ್ನೇ ನಂಬಿದ್ದ.

ಈ ಕಥೆಯಲ್ಲಿ ನಮಗೆ ಬೇಕಾದ ಸಾಕ್ಷ್ಯ ಇರುವುದು ಯುದ್ಧಗಳಲ್ಲಲ್ಲ, 1860ರ ಒಂದು ಆದೇಶದಲ್ಲಿ. ಮದ್ರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಲೆಕ್ಕದಲ್ಲಿ ಮಂದೆಗಳನ್ನು ಮಾರಿ ಇಲಾಖೆ ಮುಚ್ಚಿಸಿದ. ಸೈನ್ಯಕ್ಕೆ ಎತ್ತು ಬೇಕಾದರೆ ರೈತರಿಂದ ಕೊಂಡರಾಯಿತು, ಸರ್ಕಾರವೇ ಯಾಕೆ ಮೇಯಿಸಬೇಕು ಎಂಬ ತರ್ಕ. ಕೇಳಲು ಸರಿಯಾಗಿಯೇ ಇತ್ತು. ಆದರೆ ಒಳ್ಳೆಯ ಎತ್ತುಗಳಿಗೆ ಬರ ಬಂದು, 1866ರಲ್ಲಿ ಅಳಿದುಳಿದವನ್ನು ಕೂಡಿಹಾಕಿ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. ಆರೇ ವರ್ಷ! ಅಷ್ಟರಲ್ಲಿ ರಕ್ತವೇನೂ ಬತ್ತಿರಲಿಲ್ಲ, ಅದೇ ಹಸುಗಳ ಕರುಗಳು ಊರೂರಲ್ಲಿ ಬೆಳೆಯುತ್ತಿದ್ದವು. ಕಳಚಿಹೋಗಿದ್ದು ಮಂದೆ, ಕಾವಲು ಮತ್ತು ಕಾಯುವವರ ನಡುವಿನ ಕೊಂಡಿ. 1882ರಲ್ಲಿ ಮಂದೆಗಳು ಮೈಸೂರು ಸರ್ಕಾರಕ್ಕೆ ಮರಳಿದವು. ಇವತ್ತು ಅಜ್ಜಂಪುರದ ಕೇಂದ್ರ, ಬೀರೂರು, ಬಾಸೂರು, ಲಿಂಗದಹಳ್ಳಿ ಮುಂತಾದೆಡೆಯ ಕಾವಲುಗಳಲ್ಲಿ ಕಾಣುವುದು ಆ ಮಂದೆಗಳ ಮುಂದುವರಿಕೆ.

ಇನ್ನೂ ಗಟ್ಟಿಯಾದ ಸಾಕ್ಷ್ಯ ಹಳ್ಳಿಕಾರ್ ತಳಿ. ಅಮೃತ್ ಮಹಲ್ ಹುಟ್ಟಿದ್ದೇ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳ ಬೆರಕೆಯಿಂದ, ಅದರಲ್ಲೂ ಹಳ್ಳಿಕಾರ್ ಪಾಲೇ ದೊಡ್ಡದು. ಬೇರು ಒಂದೇ, ಬಾಳು ಬೇರೆ. ಮಂಡ್ಯ, ತುಮಕೂರಿನ ರೈತನ ಮನೆಯಲ್ಲಿ ಹಳ್ಳಿಕಾರ್ ಕರು ಹುಟ್ಟಿದ ದಿನವೇ ಮನೆಮಂದಿಯ ಕೈ ಅದರ ಮೈಮೇಲೆ ಆಡುತ್ತದೆ. ಹೆಂಗಸರು ಕಲಗಚ್ಚು ಇಡುತ್ತಾರೆ, ಮಕ್ಕಳು ಗಂಗೆದೊಗಲು ಕೆರೆಯುತ್ತಾರೆ, ಹಬ್ಬಕ್ಕೆ ಕೋಡಿಗೆ ಬಣ್ಣ ಬಳಿಯುತ್ತಾರೆ. ಹಳ್ಳಿಕಾರಿಗೂ ರೋಷವಿದೆ, ಆದರೆ ಜನರ ನಡುವೆ ನಿಲ್ಲುವುದು ಗೊತ್ತು. ಅಮೃತ್ ಮಹಲ್ ಕರು ಬಯಲಲ್ಲಿ ಹುಟ್ಟಿ, ತಾಯಿಯ ಬೆನ್ನ ಹಿಂದೆಯೇ ಬೆಳೆಯುತ್ತದೆ. ಅದು ದಿನಾ ಕಾಣುವ ಮನುಷ್ಯರು ಒಬ್ಬಿಬ್ಬರು ದನಗಾಹಿಗಳು ಮಾತ್ರ. ಮುನ್ನೂರು ವರ್ಷದ ಆಯ್ಕೆಯಲ್ಲಿ ರಕ್ತವೂ ಬದಲಾಗಿರುತ್ತದಲ್ಲವೇ ಎಂದು ಯಾರಾದರೂ ಕೇಳಬಹುದು. ಬದಲಾಗಿದೆ, ನಿಜ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ 1959ರಿಂದ ಅತಿ ಸಾಧು ನರಿಗಳನ್ನೇ ಆರಿಸಿ ಮರಿಮಾಡಿಸುತ್ತಾ ಹೋದಾಗ ಕೆಲವೇ ಪೀಳಿಗೆಗಳಲ್ಲಿ ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ಸಾಧುತನ ವಂಶದಲ್ಲಿ ಇಳಿದುಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹರಾಜಿನಲ್ಲಿ ನಾಲ್ಕು ಜನರನ್ನು ಎಳೆದಾಡಿದ ಅದೇ ಕರುವನ್ನು ಕೊಂಡವರು ಪಳಗಿಸಿ ಗಾಡಿಗೆ ಕಟ್ಟುತ್ತಾರೆ, ಉಳುಮೆಗೆ ಹೂಡುತ್ತಾರೆ. ಆ ಅವಧಿಯಲ್ಲಿ ಅದರ ರಕ್ತ ಬದಲಾಗಲಿಲ್ಲ, ಒಡನಾಟ ಬದಲಾಯಿತು. ವಂಶದಿಂದ ಬಂದದ್ದು ಚುರುಕು ಮತ್ತು ಎಚ್ಚರ. ಆ ಎಚ್ಚರ ಯಾರ ಮೇಲೆ ಹಾಯಬೇಕು, ಯಾರ ಮುಂದೆ ತಣ್ಣಗಾಗಬೇಕು ಎಂಬುದನ್ನು ಕರು ಬೆಳೆಯುತ್ತಾ ಕಲಿಯುತ್ತದೆ.

ಕಲಿಯುವುದು ಹೇಗೆ ಎಂಬುದಕ್ಕೆ ವಿಜ್ಞಾನ ಒಂದಿಷ್ಟು ವಿವರ ಕೊಟ್ಟಿದೆ. ಈದ ಹಸು ಕರುವನ್ನು ನೆಕ್ಕುವ ಮೊದಲ ಕೆಲವು ಗಂಟೆಗಳಲ್ಲಿ ವಾಸನೆ ಮತ್ತು ದನಿಯ ನಂಟು ಬೀಳುತ್ತದೆ. ನಾಟಿ ಹಸುಗಳಲ್ಲಿ ಈ ನಂಟು ಎಷ್ಟು ಬಿಗಿ ಎಂದರೆ ಕರು ಎದುರಿಗಿಲ್ಲದೆ ಎಷ್ಟೋ ಹಸುಗಳು ಸೊರ ಬಿಡುವುದಿಲ್ಲ. ದನಗಳ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಬೆನ್ನ ಹಿಂದಿನ ಒಂದು ಕಿರುದಾರಿ ಬಿಟ್ಟು ಸುತ್ತಲಿನದೆಲ್ಲ ಕಾಣುತ್ತದೆ, ಆದರೆ ಸೂಕ್ಷ್ಮ ವಿವರ ಮಸುಕು. ಹಾಗಾಗಿ ಹೊಸಬ ಎಂದರೆ ಅವಕ್ಕೆ ಮೊದಲು ಗೊತ್ತಿಲ್ಲದ ನಡಿಗೆ, ಗೊತ್ತಿಲ್ಲದ ವಾಸನೆ, ಗೊತ್ತಿಲ್ಲದ ದನಿ. ತಮ್ಮನ್ನು ಹೊಡೆದವರು ಯಾರು, ಸವರಿದವರು ಯಾರು ಎಂದು ದನಗಳು ಬೇರೆ ಮಾಡಿ ನೆನಪಿಡುತ್ತವೆ ಎಂಬುದು ಪ್ರಯೋಗಗಳಲ್ಲೂ ಕಂಡ ಸಂಗತಿ. ಪ್ರತಿ ದನಕ್ಕೂ ತನ್ನ ಸುತ್ತ ಒಂದು ಗೆರೆಯಿರುತ್ತದೆ. ಅದನ್ನು ದಾಟಿದರೆ ಓಡುತ್ತದೆ, ಓಡಲು ಎಡೆಯಿಲ್ಲದಿದ್ದರೆ ಹಾಯುತ್ತದೆ. ಮನೆಯ ಎತ್ತಿಗೆ ಆ ಗೆರೆ ಇಲ್ಲವೆನ್ನುವಷ್ಟು ಹತ್ತಿರ, ಕಾವಲಿನ ಹೋರಿಗೆ ಹತ್ತಾರು ಮಾರು ದೂರ. ದನಗಾಹಿಗೆ ಮಾತ್ರ ಆ ಗೆರೆಯೊಳಗೆ ನಡೆದಾಡಲು ಅಪ್ಪಣೆಯಿದೆ.

ಡ್ರ್ಯಾಗನ್ ಕಾದಂಬರಿ, ಸಿನಿಮಾಗಳನ್ನು ಇಷ್ಟಪಡುವ ಮಕ್ಕಳಿಗೆ ಇದೆಲ್ಲ ಪರಿಚಿತ ಅನ್ನಿಸಬಹುದು. ಅಲ್ಲಿನ ಬೆಂಕಿಯುಗುಳುವ ಪ್ರಾಣಿಯೂ ಊರಿಗೆಲ್ಲ ಕಂಟಕ, ಒಬ್ಬನಿಗೆ ಮಾತ್ರ ಸಂಗಾತಿ. ಮೊಟ್ಟೆಯೊಡೆದ ಗಳಿಗೆಯಲ್ಲೇ ಮರಿ ತನ್ನ ಸವಾರನನ್ನು ಆರಿಸಿಕೊಳ್ಳುತ್ತದೆಂದು ಅಮೆರಿಕದ ಲೇಖಕಿ ಆ್ಯನ್ ಮೆಕಾಫ್ರಿ 1960ರ ದಶಕದಲ್ಲೇ ಬರೆದಿದ್ದಳು. ಅದಕ್ಕೂ ಮೊದಲು 1930ರ ದಶಕದಲ್ಲಿ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಸ್ ತನ್ನ ಹಿಂದೆ ಹಿಂದೆ ನಡೆದ ಬಾತುಮರಿಗಳ ಬಗ್ಗೆ ಬರೆದಿದ್ದ. ಕಲ್ಪನೆಯ ಪ್ರಾಣಿಯಲ್ಲಿ ಕ್ಷಣದಲ್ಲಿ ಆಗಿಬಿಡುವ ನಂಟು ದನದಲ್ಲಿ ಹಾಗೆ ಆಗುವುದಿಲ್ಲ, ಮಳೆ ಬಿಸಿಲುಗಳಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ನಮ್ಮ ಗೋವಿನ ಹಾಡಿನ ಗೊಲ್ಲ ಕಾಳಿಂಗ ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುವುದು ಆ ನಿಧಾನದ ಫಲವೇ. ಚಳ್ಳಕೆರೆ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಕಾಯಲು ಕಿಲಾರಿಯನ್ನು ನೇಮಿಸಿಕೊಂಡು, ಮಂದೆಯನ್ನು ಅವನಿಗೇ ಬಿಟ್ಟುಬಿಡುವುದೂ ಇದೇ ತಿಳಿವಳಿಕೆಯಿಂದ.

ಹಳೆಯ ಅಮೃತ್ ಮಹಲ್ ಇಲಾಖೆ ಈ ನಂಟನ್ನು ಮುರಿಯದೆ ಕೆಲಸಕ್ಕೆ ತಿರುಗಿಸುವ ಉಪಾಯ ಕಂಡುಕೊಂಡಿತ್ತು. ಕೆಲಸಕ್ಕೆ ಬಂದ ಹೋರಿಗಳನ್ನು ದೊಡ್ಡಿಗೆ ಹೊಡೆದು, ಕುಣಿಕೆ ಹಾಕಿ ಗಟ್ಟಿ ಕಂಬಕ್ಕೆ ಕಟ್ಟುತ್ತಿದ್ದರು. ರೋಷ ಸ್ವಲ್ಪ ಇಳಿದ ಮೇಲೆ ಅದೇ ಎತ್ತರದ, ಅದೇ ಶಕ್ತಿಯ, ಪಳಗಿದ ಎತ್ತಿನ ಕೊರಳಿಗೆ ಜೊತೆಮಾಡಿ ಮೇಯಲು ಬಿಡುತ್ತಿದ್ದರು. ಹಳೆಯ ಎತ್ತು ನಡೆದ ಕಡೆ ಹೊಸದು ನಡೆಯಲೇಬೇಕು, ಅದು ನಿಂತರೆ ನಿಲ್ಲಲೇಬೇಕು. ಅಂದರೆ ಅರ್ಧ ಪಾಠವನ್ನು ಮನುಷ್ಯ ಹೇಳುತ್ತಲೇ ಇರಲಿಲ್ಲ, ದನವೇ ದನಕ್ಕೆ ಹೇಳಿಕೊಡುತ್ತಿತ್ತು. ಜೊತೆಗೂಡಿದ ಎತ್ತುಗಳ ಅಂಟು ನಮ್ಮ ರೈತರಿಗೆ ಹೊಸದಲ್ಲ. ಎಡಗೋಲಿನ ಎತ್ತನ್ನು ಬಲಗೋಲಿಗೆ ಕಟ್ಟಿದರೆ ಎರಡೂ ತಬ್ಬಿಬ್ಬಾಗುತ್ತವೆ, ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದು ದಿನಗಟ್ಟಲೆ ಮೇವು ಮುಟ್ಟದಿರುವುದುಂಟು. ಬಡಿದು ಬಗ್ಗಿಸುವುದೇ ಪಳಗಿಸುವುದು ಎಂದುಕೊಂಡವರು ಈ ಕ್ರಮವನ್ನು ಒಮ್ಮೆ ಯೋಚಿಸಬೇಕು. ಬೇಗ ಬಗ್ಗಿದ ಎತ್ತು ಹೆದರಿಕೆಗೆ ನಡೆಯುತ್ತದೆ, ಹೆದರಿಸುವವನಿಲ್ಲದ ದಿನ ನಿಂತುಬಿಡುತ್ತದೆ.

ಕಾವಲಿನ ಮಾತು ಬಿಟ್ಟರೆ ಈ ವಾದ ಕುಂಟುತ್ತದೆ. ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಉದ್ದಗಲಕ್ಕೂ ಮಂದೆಗಳಿಗೆ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲಿತ್ತು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂದು ಅವನ್ನು ವಿಂಗಡಿಸಿದ್ದರು. ನೀರು, ನೆರಳು, ಕೆರೆಯಂಗಳದ ಹಸಿರು ಇರುವ ಬೇಸಿಗೆ ಕಾವಲಿಗೆ ಬೆಲೆ ಹೆಚ್ಚು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ನೆಲವೇ ಆ ಸುತ್ತಾಟಕ್ಕೆ ಹೇಳಿಮಾಡಿಸಿದ್ದು. ಕಡೂರಿನ ಒಣಬಯಲು, ಅಜ್ಜಂಪುರದ ಎರೆಭೂಮಿ, ಭದ್ರೆಯ ಕಡೆಗೆ ಮಲೆನಾಡಿನ ಸೆರಗು ಹಿಡಿದ ತರೀಕೆರೆ, ಎಲ್ಲವೂ ಕೆಲವು ದಿನದ ನಡಿಗೆಯಲ್ಲಿ ಸಿಗುತ್ತವೆ. ಋತುವಿನಿಂದ ಋತುವಿಗೆ ಮಂದೆ ಹೊರಟಾಗ ಕರು ದಾರಿ ಕಲಿಯುತ್ತದೆ, ಗೊರಸು ಗಟ್ಟಿಯಾಗುತ್ತದೆ, ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರುವುದು ದನಗಾಹಿಯ ದನಿಯೊಂದೇ ಆದ್ದರಿಂದ ಅದಕ್ಕೆ ಅಂಟಿಕೊಳ್ಳುತ್ತದೆ. ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದಿಂದ ಹಿಡಿದು ನೀಲಗಿರಿ ನೆಡುತೋಪುಗಳವರೆಗೆ ಈ ಕಾವಲುಗಳು ತುಂಡುತುಂಡಾಗಿ ಹೋದವು. ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊದಂಥ ಸಂಸ್ಥೆಗಳಿಗೆ ಹೋಗಿ, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಏಳು ಚದರ ಕಿಲೋಮೀಟರಿಗೂ ಹೆಚ್ಚು ನೆಲ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು, ಆದರೆ ಅದು ಮುಖ್ಯವಾಗಿ ಕೃಷ್ಣಮೃಗಗಳ ಹೆಸರಿನಲ್ಲಿ.

ಭೂಮಿಯಿಲ್ಲದವನು ಹಸಿದಿರುವಾಗ ದನ ಮೇಯಿಸಲು ಸಾವಿರ ಎಕರೆಯೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಉಳುಮೆಗೆ ಕೊಟ್ಟ ನೆಲವನ್ನು ಕಿತ್ತುಕೊಳ್ಳಿ ಎಂದು ನ್ಯಾಯವಾಗಿ ಯಾರೂ ಹೇಳಲಾರರು. ಉಳಿದಿರುವುದರ ಮಾತು ಬೇರೆ. ಮಂದೆಯನ್ನು ಒಂದೇ ಕಾವಲಿನಲ್ಲಿ ವರ್ಷವಿಡೀ ಕೂಡಿಹಾಕದೆ, ಉಳಿದ ತುಣುಕುಗಳ ನಡುವೆಯಾದರೂ ಋತುಮಾನದ ಓಡಾಟ ಇಟ್ಟುಕೊಳ್ಳುವುದಕ್ಕೆ ಯಾವ ರೈತನ ಹೊಲವೂ ಬೇಕಾಗಿಲ್ಲ. ಟ್ರ್ಯಾಕ್ಟರ್ ಬಂದಮೇಲೆ ಈ ಎತ್ತಿಗೆ ಕೆಲಸವೇನು ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಹಾವೇರಿ, ಶಿಕಾರಿಪುರದ ಕಡೆಯ ಹೋರಿ ಬೆದರಿಸುವ ಹಬ್ಬವನ್ನು ತೋರಿಸಿ, ನೋಡಿ ಬೇಡಿಕೆ ಇದೆ ಎನ್ನುವುದು ರೂಢಿ. ನನಗೆ ಆ ಸಮಾಧಾನ ಸಾಲದು. ಹಬ್ಬದ ಕಣಕ್ಕೆ ಬೇಕಾದದ್ದು ಹೋರಿಯ ಒಂದು ಮುಖ ಮಾತ್ರ, ಹೊಸಬರನ್ನು ಕಂಡರೆ ಸಿಡಿಯುವ ಮುಖ. ಅದಕ್ಕಷ್ಟೇ ಬೆಲೆ ಬಂದರೆ ಸಾಕುವವರೂ ಅದನ್ನಷ್ಟೇ ಬೆಳೆಸುತ್ತಾರೆ, ಒಬ್ಬನ ದನಿಗೆ ತಣ್ಣಗಾಗುವ ಇನ್ನೊಂದು ಮುಖ ಯಾರಿಗೂ ಬೇಡವಾಗುತ್ತದೆ. ವೀರ್ಯದ ಕಡ್ಡಿಗಳನ್ನು ಶೈತ್ಯದಲ್ಲಿಟ್ಟರೆ ತಳಿ ಉಳಿಯಿತಲ್ಲ ಎನ್ನುವವರಿಗೆ 1860ರ ಆದೇಶವೇ ಉತ್ತರ. ಕಡ್ಡಿ ಬೇಕು, ರೋಗ ಬಂದು ಮಂದೆಯೇ ಅಳಿದರೆ ಅದೊಂದೇ ಗತಿ. ಆದರೆ ಅದರಿಂದ ಹುಟ್ಟಿದ ಕರುವಿಗೆ ಮಂದೆಯ ನಡೆ ಕಲಿಸಲು ಒಂದು ಮಂದೆ ಇರಬೇಕು.

ಮತ್ತು ಒಬ್ಬ ದನಗಾಹಿ ಇರಬೇಕು. ಹಿಂದೆ ಮಂದೆಗಳನ್ನು ನೋಡಿಕೊಳ್ಳುತ್ತಿದ್ದ ಸೇರ್ವೆಗಾರರದು ತಲೆಮಾರಿನಿಂದ ಬಂದ ಚಾಕರಿ. ಅಪ್ಪನ ಜೊತೆ ಮಂದೆಯ ಹಿಂದೆ ತಿರುಗಿದ ಹುಡುಗನೇ ಮುಂದೆ ಆ ಮಂದೆಗೆ ಯಜಮಾನ. ಹುಟ್ಟಿನಿಂದ ಕಸುಬು ನಿಗದಿಯಾಗುವ ಆ ಪದ್ಧತಿಗೆ ಮರಳೋಣವೇ ಎಂದು ಯಾರಾದರೂ ಸಿಟ್ಟಾಗಿ ಕೇಳಿದರೆ ಅದು ಸರಿಯಾದ ಸಿಟ್ಟೇ. ಆದರೆ ಹೋರಿಗೆ ಬೇಕಾದದ್ದು ಕಾಯುವವನ ಕುಲವಲ್ಲ, ಅವನ ವರ್ಷಗಳು. ಯಾವ ಮನೆಯಿಂದ ಬಂದವರಾದರೂ ಸರಿ, ಕೆಲಸ ಕಾಯಂ ಇರಲಿ, ಸಂಬಳ ಗೌರವದ್ದಾಗಿರಲಿ, ಹೊಸಬರು ಹಳಬರ ಜೊತೆ ಎರಡು ಮೂರು ಮಳೆಗಾಲವಾದರೂ ಅದೇ ಮಂದೆಯ ಹಿಂದೆ ನಡೆಯಲಿ, ಮಂದೆಗೆ ಹೊಂದಿಕೊಂಡವರನ್ನು ಗುಮಾಸ್ತರನ್ನು ವರ್ಗ ಮಾಡಿದ ಹಾಗೆ ಬೇರೆ ಕೇಂದ್ರಕ್ಕೆ ವರ್ಗ ಮಾಡದಿರಲಿ. ವರ್ಗ ಮಾಡಲೇಬೇಕಾದರೆ ಮಂದೆಯನ್ನೂ ಅವರೊಂದಿಗೆ ಕಳಿಸಲಿ.