ಅವಗ್ರಹಾದಿ ಚತುಷ್ಟಯ ಮತ್ತು ಪಾಠನಿರ್ಣಯ

ಇಂದ್ರಿಯ ಹಾಗೂ ಮನಸ್ಸುಗಳ ನಿಮಿತ್ತದಿಂದ ಉಂಟಾಗುವ ಜ್ಞಾನಕ್ಕೆ ಜೈನಾಗಮದಲ್ಲಿ ಮತಿಜ್ಞಾನವೆಂದು ಹೆಸರು. ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ಅದರ ನಾಲ್ಕು ಭೇದಗಳು ವಿದ್ವಾಂಸರಿಗೆ ಸುಪರಿಚಿತವಾದವು. ಈ ಕ್ರಮವು ಪ್ರಮಾಣಶಾಸ್ತ್ರದ ವಿಷಯವಾಗಿರುವಂತೆಯೇ ಓಲೆಗರಿಯನ್ನು ಓದುವವರ ನಿತ್ಯಾನುಭವವೂ ಆಗಿದೆ. ಕಂಡದ್ದು ಎಷ್ಟು, ನಿಶ್ಚಯಿಸಿದ್ದು ಎಷ್ಟು ಎಂಬ ವಿವೇಕವಿಲ್ಲದೆ ಪಾಠಸಂಶೋಧನೆ ಸಾಗದು.

ವಿಷಯ-ವಿಷಯಿಗಳ ಸನ್ನಿಪಾತವಾದಾಗ ದರ್ಶನವೂ, ಅದರ ಅನಂತರ ಅವಗ್ರಹವೂ ಆಗುತ್ತವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಿಳಿಯ ರೂಪವೆಂದು ಗ್ರಹಿಸುವುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಶೇಷವನ್ನು ಅರಸುವುದು ಈಹೆ. ಮೇಲೇರುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಮುಂತಾದ ಲಕ್ಷಣಗಳಿಂದ ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಕಾಲಾಂತರದಲ್ಲಿಯೂ ಅದನ್ನು ಮರೆಯದಿರಲು ಕಾರಣವಾದುದು ಧಾರಣೆ. ಈಹೆಯು ಸಂಶಯವಲ್ಲವೆಂಬುದನ್ನು ಅಕಲಂಕರು ರಾಜವಾರ್ತಿಕದಲ್ಲಿ ಸ್ಪಷ್ಟಪಡಿಸಿದ್ದಾರೆ. ಸಂಶಯವು ಎರಡು ಕೋಟಿಗಳ ನಡುವೆ ತೂಗಾಡುತ್ತದೆ. ಈಹೆಯು ನಿರ್ಣಯದತ್ತ ಬಾಗುತ್ತದೆ.

ಸ್ಪರ್ಶ, ರಸ, ಘ್ರಾಣ, ಶ್ರೋತ್ರಗಳಲ್ಲಿ ಅರ್ಥಾವಗ್ರಹಕ್ಕೆ ಮೊದಲು ಅವ್ಯಕ್ತವಾದ ವ್ಯಂಜನಾವಗ್ರಹವಿರುತ್ತದೆ. ಹೊಸ ಮಣ್ಣಿನ ಶರಾವದ ಮೇಲೆ ಎರಡು ಮೂರು ಹನಿ ಬಿದ್ದರೆ ಅದು ತೇವಗೊಳ್ಳದು. ಮತ್ತೆ ಮತ್ತೆ ಬಿದ್ದರೆ ಮೆಲ್ಲನೆ ತೋಯುತ್ತದೆ ಎಂಬುದು ಅದಕ್ಕೆ ದೃಷ್ಟಾಂತ. ಜರ್ಮನಿಯ ಫೆಕ್ನರ್ 1860ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಚೋದನೆಯು ಒಂದು ಮಟ್ಟವನ್ನು ಮುಟ್ಟಿದ ಮೇಲೆಯೇ ಸಂವೇದನೆಯು ಪ್ರಜ್ಞೆಗೆ ಬರುತ್ತದೆಂದು ಪ್ರತಿಪಾದಿಸಿದನು. ಹೋಲಿಕೆ ಗಮನಾರ್ಹವಾದರೂ ಅದಕ್ಕೆ ಮಿತಿಯುಂಟು. ಜೈನರು ಚಕ್ಷುವನ್ನು ಅಪ್ರಾಪ್ಯಕಾರಿಯೆಂದು ಭಾವಿಸಿ ಅದಕ್ಕೆ ವ್ಯಂಜನಾವಗ್ರಹವನ್ನು ಒಪ್ಪುವುದಿಲ್ಲ. ಆಧುನಿಕ ಶರೀರಶಾಸ್ತ್ರವಾದರೋ ಬೆಳಕು ಕಣ್ಣನ್ನು ಹೊಕ್ಕೇ ದೃಷ್ಟಿಯುಂಟಾಗುತ್ತದೆ ಎನ್ನುತ್ತದೆ. ಈ ಭೇದವನ್ನು ಮರೆಮಾಚಿ ಸಮನ್ವಯ ಸಾಧಿಸುವುದು ಉಚಿತವಲ್ಲ.

ಓದುವ ಕ್ರಿಯೆಯಲ್ಲಿ ಮಾತ್ರ ಉಭಯಶಾಸ್ತ್ರಗಳೂ ಸಮೀಪಿಸುತ್ತವೆ. ಕ್ಷಣಮಾತ್ರ ತೋರಿಸಿದ ಅಕ್ಷರವನ್ನು ಒಂಟಿಯಾಗಿ ಕಂಡಾಗಿನದಕ್ಕಿಂತ ಪದದೊಳಗೆ ಕಂಡಾಗ ಹೆಚ್ಚು ಸರಿಯಾಗಿ ಗುರುತಿಸಲಾಗುತ್ತದೆಂದು ರೈಶರ್ 1969ರಲ್ಲಿ ಪ್ರಯೋಗದಿಂದ ತೋರಿಸಿದನು. ಅಂದರೆ ಹಿಂದಿನ ಧಾರಣೆಯು ಇಂದಿನ ಗ್ರಹಣಕ್ಕೆ ನೆರವಾಗುತ್ತದೆ. ಆದರೆ ಇದೇ ನೆರವು ಪ್ರಮಾದಕ್ಕೂ ದಾರಿ. ಪದಗಳ ನಡುವೆ ತೆರಪಿಲ್ಲದ, ಮಸಿ ಮಾಸಿದ ಓಲೆಯಲ್ಲಿ ಪಕಾರವೋ ವಕಾರವೋ ಎಂಬಲ್ಲಿ ಗಾಥೆಯನ್ನು ಕಂಠಪಾಠ ಮಾಡಿದವರಿಗೆ ತಾವು ಬಲ್ಲ ಅಕ್ಷರವೇ ಕಾಣುತ್ತದೆ. ಈಹೆಗೆ ಎಡೆಯೇ ಇಲ್ಲದೆ ಅವಾಯವು ನುಗ್ಗಿಬಿಡುತ್ತದೆ. ಈ ಅಪಾಯವು ಅಲ್ಪಜ್ಞರಿಗಿಂತ ಬಹುಶ್ರುತರಿಗೇ ಅಧಿಕ.

ಇದಕ್ಕೆ ಪ್ರತಿಯಾದ ಸಂಯಮಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರವು ನಿದರ್ಶನ. ಮನುಷ್ಯಿನಿಯರ ಪರ್ಯಾಪ್ತ ಸ್ಥಿತಿಯ ಗುಣಸ್ಥಾನಗಳನ್ನು ಹೇಳುವ ಈ ಸೂತ್ರದಲ್ಲಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾ ಟೀಕೆಯ ಪ್ರಥಮ ಭಾಗವು ಮುದ್ರಣವಾದಾಗ, ಆಧಾರವಾಗಿದ್ದ ಪ್ರತಿಗಳಲ್ಲಿ 'ಸಂಜದ' ಪದವಿರಲಿಲ್ಲ. ಪ್ರಕರಣದ ಬಲದಿಂದ ಆ ಪದವಿರಬೇಕೆಂದು ಸಂಪಾದಕರಿಗೆ ತೋರಿತು. ಆದರೂ ಅದನ್ನು ಮೂಲದಲ್ಲಿ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಂದೇ ಪದವಾದರೂ ದ್ರವ್ಯಸ್ತ್ರೀ-ಭಾವಸ್ತ್ರೀ ವಿಚಾರಕ್ಕೆ ತಾಗುವುದಾದುದರಿಂದ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆಯಿತು. ತರುವಾಯ ಮೂಡಬಿದಿರೆಯ ತಾಳೆಯೋಲೆಗಳಲ್ಲಿ ಆ ಪದವಿರುವುದು ಕಂಡುಬಂದಿತು.

ಇಲ್ಲಿ ಪ್ರತಿಯಲ್ಲಿ ಕಂಡದ್ದು ಅವಗ್ರಹ, ಅಡಿಟಿಪ್ಪಣಿಯು ಈಹೆ, ಮೂಲದ ಓಲೆಯಿಂದ ಲಭಿಸಿದ ನಿಶ್ಚಯವು ಅವಾಯ ಎನ್ನಬಹುದು. ಊಹೆಯು ನಿಜವಾಯಿತೆಂಬುದಕ್ಕಿಂತ ಅದು ನಿಜವಾಗುವ ತನಕ ಊಹೆಯಾಗಿಯೇ ಉಳಿಯಿತೆಂಬುದು ಹೆಚ್ಚಿನ ಸಂಗತಿ. ಆ ಪದವು ಆಗಲೇ ಮೂಲದೊಳಗೆ ಬೆರೆತಿದ್ದರೆ, ಓಲೆ ಹೇಳಿದ್ದೆಷ್ಟು, ಸಂಪಾದಕರು ಹೇಳಿದ್ದೆಷ್ಟು ಎಂಬುದನ್ನು ಬಿಡಿಸುವುದು ಮುಂದಿನವರಿಗೆ ಕಷ್ಟವಾಗುತ್ತಿತ್ತು. ಆದುದರಿಂದ ಕಂಡ ಅಕ್ಷರವನ್ನು ಕಂಡಂತೆ ಬರೆದುಕೊಂಡು, ತೋರಿದ ಪಾಠವನ್ನು ಬೇರೆಯಾಗಿ ಗುರುತಿಸಿ, ಪ್ರತ್ಯಂತರದಿಂದ ನಿಶ್ಚಯಿಸುವುದೇ ಪಾಠನಿರ್ಣಯದ ಕ್ರಮ. ಮತಿಜ್ಞಾನದ ಕ್ರಮವೂ ಅದೇ.